ಕಾಲರ್ ಕೂರಿಸದ ಅಂಗಿ

ಜನವರಿ 9

ಮಗಳೇ,

ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ಕೇಳಿಸಲಿಲ್ಲ, ಉಳಿದರ್ಧ ಅರ್ಥವಾಗಲಿಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರದ ಪಕ್ಕ ಕೂತ ಕಿವಿ, ಅದನ್ನು ಬೈದು ಪ್ರಯೋಜನವಿಲ್ಲ. ಇನ್ನು ಮೇಲೆ ಕಾಗದವನ್ನೇ ಬರೆ. ಅಳತೆ ಪುಸ್ತಕ ಬಿಟ್ಟು ಬೇರೇನೂ ಬರೆಯದ ಕೈ ನನ್ನದು, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಒಂದು ವಿಷಯ ಕೇಳಬೇಕಿತ್ತು. ಹೋದ ತಿಂಗಳು ನೀನು ಬಂದಾಗ ಚೂರು ಬಟ್ಟೆಯ ಚೀಲದಿಂದ ಬೇಕಾದ್ದು ತೆಗೆದುಕೋ ಅಂದಿದ್ದೆ. ಎರಡು ಕೈಚೀಲ ತುಂಬಿಕೊಂಡು ಹೋದೆ, ಸಂತೋಷ. ಅದರ ಜೊತೆ ಕಣ್ತಪ್ಪಿ ಒಂದು ಗಂಟು ಬಂದಿದೆಯಾ ನೋಡು. ಕತ್ತರಿಸುವ ಮೇಜಿನ ಕೆಳಗಿನ ಅರೆಯಲ್ಲಿ ಕಂದು ಕಾಗದ ಸುತ್ತಿ ಇಟ್ಟಿದ್ದೆ. ನಿನ್ನ ತಮ್ಮನ ಅಂಗಿ. ತೆಳು ಬಿಳಿ ಹತ್ತಿಬಟ್ಟೆ. ತೋಳು ಕೂರಿಸಿಯಾಗಿದೆ, ಕಾಲರ್ ಇಲ್ಲ. ಕತ್ತರಿಸಿದ ಕಾಲರನ್ನು ಬೆನ್ನಿಗೆ ಪಿನ್ನು ಚುಚ್ಚಿ ಇಟ್ಟಿದೆ. ವರ್ಷಕ್ಕೊಮ್ಮೆ ಹೊರಗೆ ತೆಗೆದು ಬಿಸಿಲು ತೋರಿಸಿ, ಪಿನ್ನಿಗೆ ತುಕ್ಕು ಬಂದಿದ್ದರೆ ಬೇರೆ ಚುಚ್ಚಿ ಮತ್ತೆ ಕಟ್ಟಿಡುತ್ತೇನೆ. ಮೊನ್ನೆ ತೆಗೆಯಲು ಹೋದರೆ ಅರೆಯಲ್ಲಿ ಗಂಟೇ ಇಲ್ಲ.

ನಮ್ಮ ಕಾಜದ ಚಿಕ್ಕಮ್ಮನ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದಲ್ಲ. ಇಲಿ ಹೊತ್ತುಕೊಂಡು ಹೋಗಿರಬೇಕು ಅಂದಳು. ಕಾಗದ, ದಾರ, ಪಿನ್ನಿನ ಸಮೇತ ಹೊತ್ತುಕೊಂಡು ಹೋಗುವ ಇಲಿ ಸಿಕ್ಕಿದರೆ ಅದನ್ನೇ ಕೆಲಸಕ್ಕೆ ಇಟ್ಟುಕೊಂಡು ನಿನ್ನನ್ನು ಮನೆಗೆ ಕಳಿಸುತ್ತೇನೆ ಅಂದೆ. ಎರಡು ದಿನ ಮುಖ ಊದಿಸಿಕೊಂಡು ಗುಂಡಿಮನೆ ಹೊಲಿದಳು.

ಹುಡುಕಿ ಬೇಗ ಬರೆ. ರಾತ್ರಿ ನಿದ್ದೆ ಸರಿಯಾಗಿಲ್ಲ.

ನಿನ್ನ ಅಮ್ಮ

*

ಜನವರಿ 17

ಅಮ್ಮಾ,

ಗಂಟು ನನ್ನ ಹತ್ತಿರ ಇದೆ. ಇದೆ ಅನ್ನುವುದಕ್ಕಿಂತ ಇತ್ತು ಅನ್ನಬೇಕು. ಚೂರು ಬಟ್ಟೆಯ ಜೊತೆ ಬಂದಿತ್ತು, ನಾನು ಅದನ್ನು ಕೆಲಸಕ್ಕೆ ಬಳಸಿಬಿಟ್ಟೆ. ಕೋಪ ಮಾಡಿಕೊಳ್ಳುವ ಮೊದಲು ಪೂರ್ತಿ ಓದು.

ನನ್ನ ಕೆಲಸ ಏನು ಎಂದು ನೀನು ಯಾವಾಗಲೂ ಕೇಳುತ್ತೀಯ, ನಾನು ಯಾವಾಗಲೂ ಹಾರಿಸಿ ಮಾತಾಡುತ್ತೇನೆ. ಹಗಲು ಚೌಕಟ್ಟಿನ ಅಂಗಡಿಯಲ್ಲಿ ಬೇರೆಯವರ ಚಿತ್ರಗಳಿಗೆ ಮರದ ಪಟ್ಟಿ ಕೂರಿಸುತ್ತೇನೆ. ಐದು ಗಂಟೆಯ ನಂತರ ಹಿಂದಿನ ಶೆಡ್ಡು ನನ್ನದು. ಬಿಸಿತಟ್ಟೆಯ ಮೇಲೆ ಡಬ್ಬಿ ಇಟ್ಟು ಜೇನುಮೇಣ ಕರಗಿಸುತ್ತೇನೆ. ಎಂಟು ಪಾಲು ಮೇಣಕ್ಕೆ ಒಂದು ಪಾಲು ರಾಳ. ರಾಳ ಇಲ್ಲದಿದ್ದರೆ ಗಟ್ಟಿಯಾಗುವುದಿಲ್ಲ, ಹೆಚ್ಚಾದರೆ ಒಡೆಯುತ್ತದೆ. ಹೊಗೆ ಬರುವಷ್ಟು ಕಾಯಿಸಿದರೆ ತಲೆನೋವು. ಹಲಗೆಯ ಮೇಲೆ ಬಿಸಿಮೇಣ ಬಳಿದು, ಬಟ್ಟೆ ಹಾಸಿ, ಅದರ ಮೇಲೆ ಇನ್ನೊಂದು ಪದರ. ಪ್ರತಿ ಪದರವನ್ನೂ ಬಿಸಿಗಾಳಿಯಲ್ಲಿ ಬೆವರಿಸಿ ಕೆಳಗಿನದಕ್ಕೆ ಬೆಸೆಯಬೇಕು. ಆಮೇಲೆ ಬ್ಲೇಡಿನಲ್ಲಿ ಕೆರೆದು, ಎಲ್ಲಿ ಬೇಕೋ ಅಲ್ಲಿ ದಾರ ಹಾಯಿಸಿ ಹೊಲಿಯುತ್ತೇನೆ. ನೀನು ಗುಂಡಿ ಹೊಲಿಯುವ ಮೊದಲು ದಾರವನ್ನು ಮೇಣದ ಉಂಡೆಯ ಮೇಲೆ ಎಳೆಯುತ್ತೀಯಲ್ಲ, ಅದೇ ವಾಸನೆ ಶೆಡ್ಡು ತುಂಬಾ.

ಹೊಲಿಗೆಯವಳಾದ ನಿನಗೆ ಒಂದು ಸಂಗತಿ ಹಿಡಿಸಬಹುದು. ತೆಳು ಹತ್ತಿಬಟ್ಟೆ ಮೇಣ ಕುಡಿದರೆ ಗಾಜಿನ ಹಾಗಾಗುತ್ತದೆ. ಒಳಮಡಿಕೆ, ಹಿಂಬದಿಯ ಗಂಟು, ಬಿಚ್ಚಿ ಮತ್ತೆ ಹೊಲಿದ ತೂತು, ಯಾವುದನ್ನೂ ಮುಚ್ಚಿಡಲು ಆಗುವುದಿಲ್ಲ.

ಆ ಅಂಗಿಯನ್ನು ಪೂರ್ತಿ ಮಾಡಿ ಹಲಗೆಯಲ್ಲಿ ಕೂರಿಸಿದ್ದೇನೆ. ನನ್ನ ಕೆಲಸಗಳಲ್ಲೆಲ್ಲ ಅದೇ ಒಳ್ಳೆಯದು ಎಂದು ಇಲ್ಲಿಯ ಗ್ಯಾಲರಿಯಾಕೆ ಪ್ರದರ್ಶನಕ್ಕೆ ಆರಿಸಿದ್ದಾರೆ. ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ, ತಪ್ಪಾಯಿತು.

ನಿನ್ನ ಮಗಳು

*

ಜನವರಿ 24

ಪೂರ್ತಿ ಮಾಡಿದೆ ಅಂದರೇನು? ಕಾಲರ್ ಕೂರಿಸಿದೆಯಾ?

ಹತ್ತು ವರ್ಷದವಳಿದ್ದಾಗಿನಿಂದ ಈ ಅಂಗಡಿಯಲ್ಲಿ ಬೆಳೆದವಳು ನೀನು. ಟ್ರಯಲ್ ಆಗದ ಬಟ್ಟೆಗೆ ಈ ಅಂಗಡಿಯಲ್ಲಿ ಯಾವತ್ತಾದರೂ ಕಾಲರ್ ಕೂರಿಸಿದ್ದು ನೋಡಿದ್ದೀಯಾ? ಆಳು ಬರಬೇಕು, ಅಂಗಿ ಹೆಗಲಿಗೇರಬೇಕು, ಕುತ್ತಿಗೆಗೆ ಟೇಪು ಸುತ್ತಿ ನಾನು ಎರಡು ಬೆರಳು ಒಳಗೆ ತೂರಿಸಿ ನೋಡಬೇಕು. ಆಮೇಲೆ ಕಾಲರ್. ಕಾಲರ್ ಇಲ್ಲದ ಅಂಗಿ ನೇತಾಡುತ್ತಿದೆ ಅಂದರೆ ಆಳು ಬರುವುದಿದೆ ಎಂದು ಅರ್ಥ. ನಿನಗೆ ಗೊತ್ತಿಲ್ಲದ್ದೇನಲ್ಲ.

ಇಷ್ಟು ವರ್ಷ ಬಾಯಿ ಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತೇನೆ. ನಮ್ಮ ಎಡಚ, ನಿನ್ನ ತಮ್ಮ, ಹೆಡ್‌ಮಾಸ್ತರರ ಕೋಟಿನ ಬಟ್ಟೆಯನ್ನು ಹಾಳು ಮಾಡಿದ ದಿನ ನೀನು ಊರಲ್ಲಿರಲಿಲ್ಲ. ಮುಂಭಾಗ ಎರಡೂ ಹಾವು ಹರಿದ ಹಾಗೆ ಕತ್ತರಿಸಿದ್ದ. "ಕತ್ತರಿ ಬಟ್ಟೇನ ಜಗಿಯುತ್ತಮ್ಮ" ಅಂದ. ಇಷ್ಟು ವರ್ಷ ನನ್ನ ಕೈಯಲ್ಲಿ ಜಗಿಯದ ಕತ್ತರಿ ನಿನ್ನ ಕೈಯಲ್ಲಿ ಜಗಿಯುತ್ತದಾ ಎಂದು ನಕ್ಕು ಕೇಳಿದೆ. ಗಿರಾಕಿಗಳು ಕೂತಿದ್ದರು. ಅವರ ಮುಂದೆಯೇ ಅಂದುಬಿಟ್ಟೆ: "ಎಡಗೈಯವನಿಗೆ ಕತ್ತರಿ ಕೊಟ್ಟಿದ್ದೇ ನನ್ನ ತಪ್ಪು. ಇನ್ಮೇಲೆ ಅದನ್ನ ಮುಟ್ಬೇಡ." ಹತ್ತೊಂಬತ್ತು ವರ್ಷದ ಹುಡುಗ. ಬೆಳಿಗ್ಗೆ ಎದ್ದಾಗ ಹಾಸಿಗೆ ಮಡಚಿಟ್ಟು ಹೊರಟುಹೋಗಿದ್ದ. ಅವನ ಅಂಗಿಯ ಟ್ರಯಲ್ ಆ ದಿನ ಮಾಡಬೇಕಿತ್ತು.

ಹನ್ನೆರಡು ವರ್ಷದಿಂದ ಆ ಕಾಲರನ್ನು ನಾನು ಸುಮ್ಮನೆ ಪಿನ್ನು ಚುಚ್ಚಿ ಇಟ್ಟಿರಲಿಲ್ಲ.

ಹಲಗೆಯನ್ನು ತಂದುಕೊಡು. ಬಟ್ಟೆಯಿಂದ ಮೇಣ ತೆಗೆಯುವುದು ನನಗೆ ನಿನ್ನಿಂದ ಕಲಿಯಬೇಕಾಗಿಲ್ಲ. ಮೇಲೊಂದು ಕೆಳಗೊಂದು ಹೀರುಕಾಗದ ಇಟ್ಟು ಬಿಸಿ ಇಸ್ತ್ರಿ ಎಳೆದರೆ ಮೇಣವೆಲ್ಲ ಕಾಗದಕ್ಕೆ ಬರುತ್ತದೆ. ಕಾಲರನ್ನು ಬಿಚ್ಚಿ ಮತ್ತೆ ಪಿನ್ನು ಚುಚ್ಚುತ್ತೇನೆ. ನೀನು ತರದಿದ್ದರೆ ಇಸ್ತ್ರಿ ಹಿಡಿದುಕೊಂಡು ನಾನೇ ಬರುತ್ತೇನೆ, ನಿನ್ನ ಗ್ಯಾಲರಿಯಾಕೆ ನೋಡಲಿ.

ಅಮ್ಮ

*

ಫೆಬ್ರವರಿ 2
(ಅಂಚೆಗೆ ಹಾಕಲಿಲ್ಲ)

ಅಮ್ಮಾ,

ಇದನ್ನು ಕಳಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆಯದೆ ಇದ್ದರೆ ಹುಚ್ಚು ಹಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಗಂಟು ಕಣ್ತಪ್ಪಿ ಬಂದದ್ದಲ್ಲ. ನಾನೇ ಎತ್ತಿಕೊಂಡು ಬಂದೆ.

ಮೂರು ವರ್ಷದ ಹಿಂದೆ ನಮ್ಮ ಚೌಕಟ್ಟಿನ ಅಂಗಡಿಯ ಮುಂದಿನ ಟಾರ್ಪಾಲಿನ್ ಮಾಡು ಹರಿದಿತ್ತು. ಸರಿಮಾಡಲು ಟಾರ್ಪಾಲಿನ್ ಕಾರ್ಖಾನೆಯಿಂದ ಒಬ್ಬ ಬಂದ. ಏಣಿಯ ಮೇಲೆ ನಿಂತು ಎಡಗೈಯಲ್ಲಿ ದಬ್ಬಣ ಹಾಕಿ ಎಳೆಯುತ್ತಿದ್ದ. ಬೆನ್ನು ನೋಡಿಯೇ ಗೊತ್ತಾಯಿತು. ಕೆಳಗಿಳಿದವನು ಮೊದಲು ನಕ್ಕ, ಆಮೇಲೆ ಏಣಿ ಹಿಡಿದುಕೊಂಡು ಅತ್ತ. ನಾನು ಅಲ್ಲಿ ಕೆಲಸ ಮಾಡುವುದು ಅವನಿಗೆ ಗೊತ್ತಿತ್ತಂತೆ, ಬೇಕೆಂದೇ ಆ ಕೆಲಸ ಕೇಳಿ ಪಡೆದಿದ್ದ. ಮೈ ತುಂಬಿಕೊಂಡಿದ್ದ. ಕತ್ತು ನಮ್ಮ ಅಪ್ಪನದರ ಹಾಗೆ ದಪ್ಪ ಆಗಿತ್ತು. ಅಪ್ಪ ಹೋದಾಗ ಅವನಿಗೆ ಆರು ವರ್ಷ, ಅವನಿಗೆ ಆ ಕತ್ತು ನೆನಪಿರಲಿಲ್ಲ, ನಾನೇ ಹೇಳಿದೆ.

ಮನೆಗೆ ಹೋಗೋಣ ಬಾ ಎಂದು ಎಷ್ಟು ಗೋಗರೆದರೂ ಕೇಳಲಿಲ್ಲ. "ಒಂದೇ ಒಂದು ಕೋಟು ನೆಟ್ಟಗೆ ಹೊಲಿದು ಅಮ್ಮನ ಮೇಜಿನ ಮೇಲಿಡ್ತೀನಿ, ಆಮೇಲೆ ಮುಖ ತೋರಿಸ್ತೀನಿ. ಅಲ್ಲೀವರೆಗೂ ಹೇಳ್ಬೇಡ, ನನ್ನಾಣೆ" ಅಂದ. ನಾನು ಆಣೆಗೆ ಕಟ್ಟುಬಿದ್ದೆ. ನನ್ನ ಬುದ್ಧಿಗೆ ಏನೆನ್ನಬೇಕೋ ನೀನೇ ಹೇಳು.

ಹೋದ ಡಿಸೆಂಬರಿಗೂ ಹಿಂದಿನ ಡಿಸೆಂಬರಿನಲ್ಲಿ ಕಾರ್ಖಾನೆಯವರು ಫೋನು ಮಾಡಿದರು. ಜ್ವರ ಶ್ವಾಸಕೋಶಕ್ಕೆ ಇಳಿದು ಮೂರೇ ದಿನದಲ್ಲಿ ಮುಗಿದಿತ್ತು. ನಾನು ಬಸ್ಸು ಹತ್ತಿ ಹೋಗುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು ಅಮ್ಮಾ. ಒಂದು ಚೀಲ ಕೊಟ್ಟರು. ದಬ್ಬಣ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಕತ್ತರಿ, ಎರಡು ಅಂಗಿ. ಒಂದರ ಕಾಲರ್ ಸವೆದಿತ್ತು. ಅದನ್ನು ಬಿಚ್ಚಿ, ತಿರುಗಿಸಿ, ಕೈಯಲ್ಲೇ ಮತ್ತೆ ಹೊಲಿದುಕೊಂಡಿದ್ದ.

ಹೋದ ಡಿಸೆಂಬರಿನಲ್ಲಿ ಹೇಳಿಬಿಡಬೇಕೆಂದೇ ಮನೆಗೆ ಬಂದೆ. ನೀನು ಗಿರಾಕಿಯ ಕುತ್ತಿಗೆಗೆ ಟೇಪು ಹಾಕುತ್ತಾ, ಎಡಚನಿಗೂ ಈಗ ಇಷ್ಟೇ ಇರುತ್ತದೆ, ಬಂದಮೇಲೆ ಹೊಸ ಕಾಲರ್ ಕತ್ತರಿಸಬೇಕು ಅಂದೆ. ಹೇಳುವ ಬದಲು ಗಂಟು ಕದ್ದುಕೊಂಡು ಬಂದೆ. ಅವನ ಅಂಗಿಯಿಂದ ಕಾಲರನ್ನು ಪಟ್ಟಿಯ ಸಮೇತ ಬಿಚ್ಚಿ ನಿನ್ನ ಅಂಗಿಗೆ ಕೂರಿಸಿದೆ. ನಿನ್ನ ಹೊಲಿಗೆಯೂ ಅವನ ಹೊಲಿಗೆಯೂ ಒಂದೇ ಬಟ್ಟೆಯಲ್ಲಿ ಇರಲಿ ಅನ್ನಿಸಿತು. ಬೇರೆ ಯಾವ ರೀತಿಯಲ್ಲೂ ನಿಮ್ಮಿಬ್ಬರನ್ನು ಒಂದೆಡೆ ಕೂರಿಸಲು ನನ್ನಿಂದ ಆಗಲಿಲ್ಲ.

ಇದನ್ನು ಕಳಿಸುವುದಿಲ್ಲ. ನಿನ್ನನ್ನು ಹೀಗೆ ಕಾಗದದಲ್ಲಿ ಕೊಲ್ಲಲಾರೆ.

*

ಫೆಬ್ರವರಿ 3

ಅಮ್ಮಾ,

ಕಾಗದ ಬಂತು. ನೀನು ಬೈದದ್ದೆಲ್ಲ ಸರಿ. ಪ್ರದರ್ಶನ ಮಾರ್ಚ್ ಕೊನೆಯವರೆಗೆ ಇದೆ, ಒಪ್ಪಿಕೊಂಡಾಗಿದೆ, ನಡುವೆ ತೆಗೆಯಲು ಬರುವುದಿಲ್ಲ. ಮುಗಿದ ಮೇಲೆ ನಾನೇ ಹಲಗೆ ಹೊತ್ತು ತರುತ್ತೇನೆ. ಅಲ್ಲಿಯವರೆಗೆ ತಾಳ್ಮೆ ಇರಲಿ. ಇಲ್ಲಿ ಚಳಿ ಜಾಸ್ತಿ, ಅಷ್ಟು ದೂರ ಬರುವ ಆಯಾಸ ಬೇಡ.

ನೀನು ಕತ್ತರಿಸಿದ್ದ ಕಾಲರ್ ಭದ್ರವಾಗಿದೆ.

ನಿನ್ನ ಮಗಳು

*

ಮಾರ್ಚ್ 12

ಕೂಸೇ,

ನಾನು ಬಂದಿದ್ದೆ. ಶುಕ್ರವಾರ ಬೆಳಗಿನ ಬಸ್ಸಿಗೆ ಹತ್ತಿ, ನೀನು ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡೇ ಗ್ಯಾಲರಿಗೆ ಹೋದೆ. ಇಸ್ತ್ರಿ ತಂದಿರಲಿಲ್ಲ, ಹೆದರಬೇಡ. ನಿನ್ನನ್ನು ಕಂಡರೆ ಮತ್ತೆ ಜಗಳವಾಗುತ್ತದೆ ಎಂದು ಕಾಣದೆಯೇ ಹೋಗೋಣ ಅಂದುಕೊಂಡಿದ್ದೆ.

ಹಲಗೆಯ ಮುಂದೆ ನಿಂತಾಗ ಮೊದಲು ಹೊಟ್ಟೆ ಉರಿಯಿತು. ನನ್ನ ಹೊಲಿಗೆಯನ್ನು ಯಾರೋ ಬಿಚ್ಚಿ ಬೀದಿಯಲ್ಲಿ ನಿಲ್ಲಿಸಿದ ಹಾಗೆ. ಆಮೇಲೆ ಕಾಲರ್ ನೋಡಿದೆ. ಅಂಗಿಯ ಕುತ್ತಿಗೆ ಚಿಕ್ಕದು, ಕಾಲರ್ ದೊಡ್ಡದು, ಒಂದು ಅಂಗುಲ ಹೊಂದದೆ ಮುಂದೆ ಬಾಯಿ ಬಿಟ್ಟುಕೊಂಡಿದೆ. ಇದು ನಾನು ಕತ್ತರಿಸಿದ್ದಲ್ಲ. ಕನ್ನಡಕ ತೆಗೆದು, ನೂಲು ಎಣಿಸುವ ಗಾಜು ಹಿಡಿದು ಹತ್ತಿರ ಹೋದೆ. ಕಾವಲುಗಾರ ಓಡಿಬಂದು, ಅಜ್ಜಿ ಮುಟ್ಟಬಾರದು ಅಂದ. ಇದು ನನ್ನ ಹೊಲಿಗೆ ಕಣಪ್ಪಾ ಅಂದೆ. ಇಲ್ಲಿಗೆ ಬರುವವರೆಲ್ಲ ಹಾಗೇ ಅನ್ನುತ್ತಾರೆ ಅಂದ.

ನೀನೇ ಬರೆದಿದ್ದೆಯಲ್ಲ, ಮೇಣ ಕುಡಿದ ಬಟ್ಟೆಯಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ ಎಂದು. ಕಾಲರಿನ ಒಳಗಡೆ ಕೈಹೊಲಿಗೆ ಕಂಡಿತು. ಸವೆದ ಕಾಲರನ್ನು ತಿರುಗಿಸಿ ಹೊಲಿದದ್ದು. ಪ್ರತಿ ಹೊಲಿಗೆಯೂ ಎಡಕ್ಕೆ ವಾಲಿದೆ. ನಿನ್ನದು ಬಲಕ್ಕೆ ವಾಲುತ್ತದೆ, ನನ್ನದೂ ಬಲಕ್ಕೆ. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ, ಅವನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದೆ, ಕನ್ನಡಿಯಲ್ಲಿ ನೋಡಿದ ಹಾಗೆ ಕಲಿಯಲಿ ಎಂದು. ಕೊನೆಗೆ ಗಂಟು ಹಾಕದೆ ಮೂರು ಸಲ ಹಿಂದಕ್ಕೆ ಹೊಲಿದು ನಿಲ್ಲಿಸುವುದು ನಾನು ಹೇಳಿಕೊಟ್ಟದ್ದು. ಮೂರು ಸಲ ಇದೆ. ಎಣಿಸಿದೆ.

ನೀನು ಅವನನ್ನು ನೋಡಿದ್ದೀಯ. ಅವನು ಬದುಕಿದ್ದಾನೆ. ಸವೆಯುವಷ್ಟು ದಿನ ತೊಟ್ಟ ಅಂಗಿಯನ್ನು ನಿನ್ನ ಕೈಗೆ ಕೊಟ್ಟಿದ್ದಾನೆ. ಅವನು ಹೇಳಬೇಡ ಅಂದಿರುತ್ತಾನೆ, ನೀನು ಮಾತು ಕೊಟ್ಟು ನುಂಗಿಕೊಂಡಿರುತ್ತೀಯ, ನಿಮ್ಮಿಬ್ಬರದೂ ಚಿಕ್ಕಂದಿನಿಂದ ಇದೇ ಆಟ. ನನಗೆ ಕೋಪವಿಲ್ಲ. ಅಂಗಿಯನ್ನು ಹಾಳುಮಾಡಿದ್ದಕ್ಕೂ ಇಲ್ಲ. ಬಸ್ಸಿನಲ್ಲಿ ಬರುವಾಗ ಪಕ್ಕದ ಹೆಂಗಸಿಗೆ ಕಾರಣವಿಲ್ಲದೆ ನನ್ನ ಜೀವನವನ್ನೆಲ್ಲ ಹೇಳಿಬಿಟ್ಟೆ.

ಅಳತೆ ಪುಸ್ತಕದಲ್ಲಿ ಅವನ ಪುಟ ತೆಗೆದು ಹದಿನಾಲ್ಕೂವರೆ ಹೊಡೆದುಹಾಕಿ ಹದಿನೈದೂವರೆ ಬರೆದೆ. ಹೊಸ ಬಟ್ಟೆ ತಂದಿದ್ದೇನೆ, ನೀಲಿ ಗೆರೆಯದು. ಎದೆಯ ಅಳತೆ ಮಾತ್ರ ಗೊತ್ತಿಲ್ಲ, ಕತ್ತು ಒಂದು ಅಂಗುಲ ಬೆಳೆದರೆ ಎದೆ ಎರಡಾದರೂ ಬೆಳೆದಿರಬೇಕು. ಎಲ್ಲಿದ್ದಾನೆ, ಎಷ್ಟು ದೂರ, ಹೊಟ್ಟೆಗೆ ಸರಿಯಾಗಿ ತಿನ್ನುತ್ತಾನಾ, ಅಷ್ಟು ಮಾತ್ರ ಬರೆ. ಅವನ ವಿಳಾಸ ಕೊಡಲು ಮಾತು ಅಡ್ಡ ಬಂದರೆ ಬೇಡ. ನಾನು ಕಾಯುತ್ತೇನೆ, ಅದೇನು ಹೊಸದಲ್ಲ ನನಗೆ.

ಕಾಜದ ಚಿಕ್ಕಮ್ಮನಿಗೆ ಹೇಳಿದೆ. ಸೂಜಿ ಚುಚ್ಚಿಕೊಂಡಳು.

ನಿನ್ನ ಅಮ್ಮ

*

ಮಾರ್ಚ್ 21

ಅಮ್ಮಾ,

ಈ ಕಾಗದವನ್ನು ಕಾಜದ ಚಿಕ್ಕಮ್ಮ ಪಕ್ಕದಲ್ಲಿರುವಾಗ ಓದು. ನಿಂತುಕೊಂಡು ಓದಬೇಡ.

ಇದರ ಜೊತೆ ಫೆಬ್ರವರಿ ಎರಡರಂದು ಬರೆದ ಇನ್ನೊಂದು ಕಾಗದ ಇದೆ. ಅದನ್ನು ಆವತ್ತೇ ಕಳಿಸಬೇಕಿತ್ತು. ಕಳಿಸಿದ್ದರೆ ನೀನು ಆ ಬಸ್ಸು ಹತ್ತುತ್ತಿರಲಿಲ್ಲ, ನೀಲಿ ಗೆರೆಯ ಬಟ್ಟೆ ತರುತ್ತಿರಲಿಲ್ಲ. ನಿನ್ನ ಕಾಗದವನ್ನು ಐದು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಎರಡು ಸಲ ಬಸ್ ನಿಲ್ದಾಣದವರೆಗೂ ಹೋಗಿ ವಾಪಸು ಬಂದೆ. ನಿನ್ನೆದುರು ನಿಂತರೆ ಮತ್ತೆ ಸುಳ್ಳು ಹೇಳುತ್ತೇನೆ, ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆ ಇಲ್ಲ.

ನಾನು ಅವನನ್ನು ನೋಡಿದ್ದು ನಿಜ. ಉಳಿದದ್ದು ಆ ಕಾಗದದಲ್ಲಿದೆ.

ಅವನ ಚೀಲದಲ್ಲಿದ್ದ ಕತ್ತರಿಯನ್ನು ಬೇರೆ ಪೊಟ್ಟಣದಲ್ಲಿ ಕಳಿಸುತ್ತಿದ್ದೇನೆ. ಅದು ನಿನ್ನ ಮೇಜಿನ ಮೇಲೆ ಇರಬೇಕಾದ್ದು.

ನಾನು ಬರಲಾ? ಬೇಡ ಅಂದರೆ ಬರುವುದಿಲ್ಲ. ಬಾ ಅನ್ನು.

ನಿನ್ನ ಮಗಳು

*

ಏಪ್ರಿಲ್ 16

ಕೂಸೇ,

ನಿನ್ನ ಕಾಜದ ಚಿಕ್ಕಮ್ಮ ಬರೆಯುವುದು. ನನ್ನ ಅಕ್ಷರ ನೋಡಿ ನಗಬೇಡ, ಗುಂಡಿಮನೆ ಹೊಲಿದು ಹೊಲಿದು ಅಕ್ಷರವೂ ಹಾಗೇ ಬರುತ್ತದೆ.

ಮಾರ್ಚಿನಿಂದ ನೀನು ಬರೆದ ಮೂರು ಕಾಗದಕ್ಕೂ ನಿಮ್ಮಮ್ಮ ಉತ್ತರ ಕೊಡುತ್ತಿಲ್ಲ ಎಂದು ಗೊತ್ತು. ಮೊದಲನೆಯದನ್ನು ಓದಿದ ದಿನ ಅವರು ಅಳಲಿಲ್ಲ. ಕಾಗದ ಮಡಚಿ ಅಳತೆ ಪುಸ್ತಕದಲ್ಲಿಟ್ಟು, ಆ ದಿನ ಕೊಡಬೇಕಾಗಿದ್ದ ನಾಲ್ಕು ಅಂಗಿಗೂ ಇಸ್ತ್ರಿ ಹಾಕಿ ಕೊಟ್ಟರು. ಮರುದಿನದಿಂದ ಅಂಗಡಿ ಬಾಗಿಲು ಅರ್ಧ ತೆಗೆಯುತ್ತಾರೆ. ಗಿರಾಕಿ ಬಂದರೆ ನಾನೇ ಮಾತಾಡಿಸಿ ಕಳಿಸುತ್ತೇನೆ. ನಿನ್ನ ಪೊಟ್ಟಣವನ್ನು ಬಿಚ್ಚಿಲ್ಲ. ಕತ್ತರಿಸುವ ಮೇಜಿನ ಒಂದು ಮೂಲೆಯಲ್ಲಿ ಇದೆ, ಅದರ ಸುತ್ತಲೇ ಬಟ್ಟೆ ಹಾಸಿ ಕೆಲಸ ಮಾಡುತ್ತಾರೆ.

ನಿನ್ನ ಮೇಲೆ ಕೋಪವಾ ಎಂದು ಕೇಳಿದೆ. "ವರ್ಷಕ್ಕೂ ಮೇಲೆ ಅವಳು ಫೋನಲ್ಲಿ ಊಟ ಆಯ್ತಾ ಅಂತ ಕೇಳಿದ್ಲು ಕಣೇ" ಅಂದರು. ಅಷ್ಟೇ. ನನಗೂ ನಿನ್ನ ಮೇಲೆ ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅವನು ಹೋದ ಮಾತನ್ನು ನಿನ್ನ ಜಾಗದಲ್ಲಿ ನಿಂತು ನನಗೂ ಹೇಳಲು ಆಗುತ್ತಿರಲಿಲ್ಲ.

ಈಗ ಬರಬೇಡ. ಹೊತ್ತು ಬಂದಾಗ ಅವರೇ ಕರೆಯುತ್ತಾರೆ. ಊಟ ಮಾಡಿಸುತ್ತಿದ್ದೇನೆ, ಆ ಚಿಂತೆ ಬೇಡ.

ಕಾಜದ ಚಿಕ್ಕಮ್ಮ

*

ಮೇ 4

ಅಮ್ಮಾ,

ಚಿಕ್ಕಮ್ಮ ಬರಬೇಡ ಅಂದದ್ದರಿಂದ ಬಂದಿಲ್ಲ.

ಪ್ರದರ್ಶನ ಮುಗಿಯಿತು. ಹಲಗೆ ಶೆಡ್ಡಿನಲ್ಲಿದೆ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಕೊಳ್ಳಲು ಇಬ್ಬರು ಕೇಳಿದರು, ಗ್ಯಾಲರಿಯಾಕೆ ವಾರಕ್ಕೊಮ್ಮೆ ಬಂದು ಒತ್ತಾಯ ಮಾಡುತ್ತಾರೆ. ನನ್ನದಲ್ಲದ್ದನ್ನು ಹೇಗೆ ಕೊಡಲಿ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ನಿನಗೆ ಅಂಗಿ ಬೇಕಾದರೆ ಇಲ್ಲಿಯೇ ಮೇಣ ಬಿಡಿಸುತ್ತೇನೆ. ಒಂದು ಮಾತು ಹೇಳಬೇಕು: ಇಸ್ತ್ರಿ ಎಳೆದು ಮೇಣ ಹೀರಿಸಿದರೆ ಅದರ ಜೊತೆ ಕಾಲರಿನ ಒಳಗಿರುವ ಬೆವರಿನ ಗೆರೆಯೂ ಹೋಗುತ್ತದೆ. ಅವನ ಮೈಯದ್ದು ಅಂತ ಉಳಿದಿರುವುದು ಅದೊಂದೇ. ಮೇಣದೊಳಗೆ ಅದು ಹಾಗೇ ಇದೆ. ನೀನು ಹೇಗೆ ಹೇಳಿದರೆ ಹಾಗೆ.

ಜನವರಿಯಿಂದ ಹೊಸ ಕೆಲಸ ಒಂದನ್ನೂ ಮಾಡಿಲ್ಲ. ಮೇಣ ಕಾಯಿಸಿದರೆ ಅಂಗಡಿಯ ವಾಸನೆ ಬರುತ್ತದೆ, ಬಿಸಿತಟ್ಟೆ ಆರಿಸಿಬಿಡುತ್ತೇನೆ.

ಬೈದಾದರೂ ಒಂದು ಸಾಲು ಬರೆ.

ನಿನ್ನ ಮಗಳು

*

ಜೂನ್ 6

ಮಗಳೇ,

ನಿನ್ನ ಕಾಗದಗಳೆಲ್ಲ ಬಂದಿವೆ. ಕೋಪವಿಲ್ಲ ಎಂದು ಬರೆಯಲು ಹೊರಟೆ, ಸುಳ್ಳಾಗುತ್ತದೆ ಎಂದು ಹೊಡೆದುಹಾಕಿದೆ. ಕೋಪ ಇದೆ. ಹೋದ ವರ್ಷ ಜನವರಿಯಲ್ಲಿ ಆ ಅಂಗಿಗೆ ಹೊಸ ಪಿನ್ನು ಚುಚ್ಚುವಾಗ ಅವನು ಹೋಗಿ ತಿಂಗಳಾಗಿತ್ತು. ನನಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ನೀನು ನನಗೆ ಹದಿನೈದು ತಿಂಗಳು ಉಳಿಸಿಕೊಟ್ಟೆ ಎಂದು ಕಾಜದ ಚಿಕ್ಕಮ್ಮ ಹೇಳುತ್ತಾಳೆ. ಕದ್ದೆ ಎಂದು ನಾನು ಹೇಳುತ್ತೇನೆ. ದಿನಾ ಇದೇ ವಾದ ನಡೆಯುತ್ತದೆ, ಇಬ್ಬರಲ್ಲಿ ಯಾರೂ ಸೋಲುತ್ತಿಲ್ಲ.

ನಿನ್ನೆ ಪೊಟ್ಟಣ ಬಿಚ್ಚಿದೆ.

ಒಳ್ಳೆಯ ಕತ್ತರಿ. ಹಿಡಿಯಲ್ಲಿ ಅವನ ಹೆಬ್ಬೆರಳು ಕೂತ ಜಾಗ ಹೊಳೆಯುತ್ತದೆ. ಎಣ್ಣೆ ಹಾಕಿ ಚೆನ್ನಾಗಿ ನೋಡಿಕೊಂಡಿದ್ದಾನೆ, ಅಷ್ಟರಮಟ್ಟಿಗೆ ನನ್ನ ಮಾತು ಕೇಳಿದ್ದಾನೆ. ಎಲ್ಲ ಕತ್ತರಿಯೂ ಒಂದೇ ಅಂದುಕೊಂಡೇ ಕೈಗೆ ತೆಗೆದುಕೊಂಡೆ. ನೀಲಿ ಗೆರೆಯ ಬಟ್ಟೆ ಮೇಜಿನ ಮೇಲೆ ಇತ್ತು. ಬೇರೇನೂ ಯೋಚನೆ ಇರಲಿಲ್ಲ, ಅವನ ಕತ್ತರಿ ಹೇಗೆ ಕತ್ತರಿಸುತ್ತದೆ ನೋಡೋಣ ಅನ್ನಿಸಿತು. ಗೆರೆ ಹಿಡಿದು ಕತ್ತರಿಸಲು ಹೋದೆ.

ಬಟ್ಟೆ ಕತ್ತರಿಸಲಿಲ್ಲ. ಎರಡು ಅಲಗಿನ ನಡುವೆ ಮಡಚಿಕೊಂಡಿತು. ಮೊಂಡಾಗಿದೆ ಅಂದುಕೊಂಡು ಉಗುರಿಗೆ ತಾಗಿಸಿ ನೋಡಿದೆ, ಕೂದಲು ಸೀಳುವಷ್ಟು ಹರಿತ. ಮತ್ತೆ ಹಿಡಿದೆ. ಗೆರೆ ಎಲ್ಲೋ, ಅಲಗು ಎಲ್ಲೋ. ಗೆರೆ ಕಾಣುವುದೇ ಇಲ್ಲ, ಮೇಲಿನ ಅಲಗು ಮುಚ್ಚಿಬಿಡುತ್ತದೆ. ನಲವತ್ತು ವರ್ಷದ ಕೈ ಇದು, ಕಣ್ಣು ಮುಚ್ಚಿ ತೋಳು ಕತ್ತರಿಸುವ ಕೈ. ಒಂದು ಗೇಣು ನೆಟ್ಟಗೆ ಬರಲಿಲ್ಲ. ಹಾವು ಹರಿದ ಹಾಗೆ ಬಂತು.

ಆಮೇಲೆ ಎಡಗೈಗೆ ತೆಗೆದುಕೊಂಡೆ. ಕಲಿಯದ ಕೈ. ಆದರೂ ಗೆರೆಯ ಮೇಲೇ ಹೋಯಿತು.

ಅದು ಎಡಗೈಯವರಿಗೆ ಮಾಡಿದ ಕತ್ತರಿ. ಅಂಥದ್ದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಕೇಳಿದವಳೂ ಅಲ್ಲ. ನನ್ನ ಕತ್ತರಿ ಅವನ ಕೈಯಲ್ಲಿ ಏನು ಮಾಡುತ್ತಿತ್ತೋ ಅವನ ಕತ್ತರಿ ನನ್ನ ಕೈಯಲ್ಲಿ ಅದನ್ನೇ ಮಾಡಿತು. ಬಟ್ಟೆಯನ್ನು ಜಗಿಯಿತು, ಮಗಳೇ. ಅವನು ಆವತ್ತು ಹೇಳಿದ್ದು ಬರೀ ನಿಜ. ನಾನು ಗಿರಾಕಿಗಳ ಮುಂದೆ ನಕ್ಕೆ.

ಆಗ ಅತ್ತೆ. ಕಾಜದ ಚಿಕ್ಕಮ್ಮ ಬಾಗಿಲು ಪೂರ್ತಿ ಮುಚ್ಚಿದಳು.

ಈಗ ಕೆಲಸದ ಮಾತು. ಹಲಗೆಯನ್ನು ಯಾರಿಗೂ ಕೊಡಬೇಡ. ನಾನು ಇಸ್ತ್ರಿ ಹಾಕುವುದಿಲ್ಲ, ಮೇಣ ಅಲ್ಲೇ ಇರಲಿ, ಬೆವರಿನ ಗೆರೆಯೂ ಇರಲಿ. ಮುಂದಿನ ಭಾನುವಾರ ಹಲಗೆ ಹೊತ್ತು ನೀನು ಬಾ. ಬಂದ ಕೂಡಲೇ ನಾನು ಸರಿಯಾಗಿ ಮಾತಾಡದಿರಬಹುದು, ಅದಕ್ಕೆ ಬಾಗಿಲಿನಿಂದ ವಾಪಸು ಹೋಗಬೇಡ.

ಈ ಕಾಗದದ ಜೊತೆ ಬೆಂಕಿಪೆಟ್ಟಿಗೆಯಲ್ಲಿ ಒಂದು ಬಿಳಿ ಗುಂಡಿ ಇದೆ. ಆ ಅಂಗಿಯ ಕುತ್ತಿಗೆಗೆಂದು ಹನ್ನೆರಡು ವರ್ಷದ ಹಿಂದೆ ತೆಗೆದಿಟ್ಟದ್ದು. ನನ್ನ ಮೇಣದ ಉಂಡೆಯನ್ನೂ ಕಳಿಸಿದ್ದೇನೆ, ನಾವು ಮೂವರೂ ದಾರ ಎಳೆದು ಎಳೆದು ಗೀರು ಬಿದ್ದಿರುವುದು. ಅದನ್ನು ಕರಗಿಸಬೇಡ, ದಾರಕ್ಕೆ ಮಾತ್ರ ಬಳಸು. ಕಾಲರ್ ಪಟ್ಟಿಯಲ್ಲಿ ಗುಂಡಿ ಉದುರಿಹೋಗಿರುವ ಆ ಒಂದು ಜಾಗವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಸೂಜಿಯನ್ನೂ ಬಿಸಿ ಮಾಡಿಕೊಂಡು, ಗುಂಡಿ ಹೊಲಿದು ತಾ. ಕೊನೆಗೆ ಮೂರು ಸಲ ಹಿಂದಕ್ಕೆ ಹೊಲಿ.

ಹೊಲಿ ಅಷ್ಟೇ, ಗುಂಡಿ ಹಾಕಬೇಡ. ಕುತ್ತಿಗೆ ಬಿಗಿದರೆ ಅವನಿಗೆ ಆಗುತ್ತಿರಲಿಲ್ಲ.

ಅಮ್ಮ